ಟೆಟ್ರಿಸ್ ಆಟದಲ್ಲಿ ಸಂಗೀತದ ಸ್ಥಾನ: ‘ಟೆಟ್ರಿಸ್ ಎಫೆಕ್ಟ್’ ಕೃತಿಯನ್ನು ಕುರಿತು

ಇತಿಹಾಸ ವಿಭಾಗದ ಸಂಶೋಧನಾ ಸಂಚಿಕೆಯಲ್ಲಿ ವಿಡಿಯೋ ಗೇಮ್ ಒಂದರ ವಿಮರ್ಶೆಯನ್ನು ಕಂಡು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಶಾಸನ, ಕಡತ, ಕೈಫಿಯತ್ತುಗಳಿಗೆ ಮೀಸಲಾದ ಪುಟಗಳಲ್ಲಿ ಆಟದ ಮಾತೇಕೆ ಎಂದು ನಮ್ಮ ವಿಭಾಗದ ಹಿರಿಯರೊಬ್ಬರು ನಮ್ಮನ್ನು ಕೇಳಿಯೂ ಇದ್ದಾರೆ. ಇದಕ್ಕೆ ನಮ್ಮ ಸಮಾಧಾನವಿಷ್ಟೆ. ಒಂದು ವಸ್ತುವು ಮೂವತ್ತನಾಲ್ಕು ವರ್ಷಗಳ ಅಂತರದಲ್ಲಿ ಎರಡು ಬಾರಿ ರೂಪುಗೊಂಡು, ಎರಡು ಬಾರಿಯೂ ಅದರ ನಿಯಮಗಳು ಬಹುಮಟ್ಟಿಗೆ ಒಂದೇ ಆಗಿದ್ದು, ಅದರಿಂದ ಹುಟ್ಟುವ ಅನುಭವ ಮಾತ್ರ ಬೇರೆಯಾಗಿದ್ದರೆ, ಆ ವ್ಯತ್ಯಾಸವು ಎಲ್ಲಿಂದ ಬಂದಿತೆಂದು ಹುಡುಕುವುದು ಇತಿಹಾಸದ ವಿದ್ಯಾರ್ಥಿಗೆ ಸಲ್ಲುವ ಕೆಲಸವೇ ಸರಿ. ಆ ವಸ್ತು ಕಲ್ಲಿನದಾಗಿರಬೇಕೆಂಬ ನಿರ್ಬಂಧವೇನೂ ಇಲ್ಲ.

‘ಟೆಟ್ರಿಸ್ ಎಫೆಕ್ಟ್’ ಎಂಬ ಕೃತಿಯು 2018ರ ನವೆಂಬರ್ 9ರಂದು ಪ್ಲೇಸ್ಟೇಷನ್ 4 ಯಂತ್ರಕ್ಕೆಂದು ಹೊರಬಂದಿತು. ಜಪಾನಿನ ತೆತ್ಸುಯ ಮಿಝುಗುಚಿಯವರು ಇದರ ನಿರ್ಮಾಪಕರು. ತಕಾಶಿ ಇಶಿಹಾರ ಅವರು ನಿರ್ದೇಶಕರು. ಸಂಗೀತವು ಹೈಡೆಲಿಕ್ ಎಂಬ ತಂಡದ್ದು. ಹಲವರು ಕೂಡಿ ಆಡಬಹುದಾದ ಭಾಗಗಳನ್ನು ಸೇರಿಸಿದ ಪರಿಷ್ಕೃತ ರೂಪವು ‘ಟೆಟ್ರಿಸ್ ಎಫೆಕ್ಟ್: ಕನೆಕ್ಟೆಡ್’ ಎಂಬ ಹೆಸರಿನಿಂದ 2020ರಲ್ಲಿ ಬಂದಿತು. ಮೇಲಿನಿಂದ ಇಳಿಯುವ ಏಳು ಬಗೆಯ ತುಂಡುಗಳನ್ನು ಸರಿಸಿ, ತಿರುಗಿಸಿ, ಹತ್ತು ಚೌಕ ಅಗಲ ಇಪ್ಪತ್ತು ಚೌಕ ಎತ್ತರದ ಅಂಕಣದಲ್ಲಿ ಕೂರಿಸುವುದು; ಅಡ್ಡಸಾಲೊಂದು ಪೂರ್ತಿ ತುಂಬಿದೊಡನೆ ಅದು ಮಾಯವಾಗುವುದು; ರಾಶಿಯು ಬೆಳೆದು ಮೇಲಂಚನ್ನು ಮುಟ್ಟಿದರೆ ಆಟ ಮುಗಿಯುವುದು: ಟೆಟ್ರಿಸ್ಸಿನ ಈ ನಿಯಮಗಳನ್ನು ಅರಿಯದವರು ಇಂದು ವಿರಳ. ಹೊಸ ಕೃತಿಯಲ್ಲಿಯೂ ಇವು ಹಾಗೆಯೇ ಇವೆ. ಹೊಸತಾದುದು ಸಂಗೀತದ ಪಾತ್ರ. ತುಂಡನ್ನು ಸರಿಸಿದರೆ ಒಂದು ನಾದ, ತಿರುಗಿಸಿದರೆ ಇನ್ನೊಂದು, ಕೂರಿಸಿದರೆ ಮತ್ತೊಂದು. ಇವೆಲ್ಲವೂ ಆಯಾ ಘಟ್ಟದ ಸಂಗೀತಕ್ಕೆ ಶ್ರುತಿಗೂಡಿರುತ್ತವೆ. ಸಾಲುಗಳು ಅಳಿದಂತೆಲ್ಲ ಹಾಡು ಬೆಳೆಯುತ್ತದೆ, ಸುತ್ತಲಿನ ದೃಶ್ಯ ಮಾರ್ಪಡುತ್ತದೆ.

ಹೀಗಿರಲಾಗಿ ವಿಮರ್ಶಕನ ಮುಂದಿರುವ ಪ್ರಶ್ನೆಯನ್ನು ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ: ಈ ಸಂಗೀತವು ಇಲ್ಲಿ ಅಂಗವೋ, ಅಂಗಿಯೋ? ಅಂಗಿಯೆಂದರೆ ಅಂಗಗಳನ್ನುಳ್ಳ ಪ್ರಧಾನವಸ್ತು, ತೊಡುವ ಉಡುಪಲ್ಲ, ಎಂದು ವಿದ್ಯಾರ್ಥಿಗಳ ಸಲುವಾಗಿ ಹೇಳಬೇಕಾಗಿದೆ. ಆದರೆ ಆ ತಪ್ಪುತಿಳಿವಳಿಕೆಯೂ ಇಲ್ಲಿ ನಿರುಪಯುಕ್ತವಲ್ಲ. ಏಕೆಂದರೆ ಟೆಟ್ರಿಸ್ಸಿಗೆ ಹಿಂದೆಯೂ ಸಂಗೀತವಿದ್ದಿತು, ಮತ್ತು ಅದು ಬಹುಪಾಲು ಉಡುಪೇ ಆಗಿದ್ದಿತು.

ಮೂಲದಿಂದ ಮೊದಲು ಮಾಡೋಣ. 1984ರಲ್ಲಿ ಮಾಸ್ಕೋ ನಗರದ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣನಕೇಂದ್ರದಲ್ಲಿ ಕೆಲಸಮಾಡುತ್ತಿದ್ದ ಅಲೆಕ್ಸಿ ಪಜಿತ್ನೊವ್ ಎಂಬುವರು ಈ ಆಟವನ್ನು ರಚಿಸಿದರು. ಐದೈದು ಚೌಕಗಳನ್ನು ಕೂಡಿಸಿ ಮಾಡಿದ ಹನ್ನೆರಡು ಆಕೃತಿಗಳನ್ನು ಪೆಟ್ಟಿಗೆಯೊಂದರಲ್ಲಿ ಹೊಂದಿಸುವ ಪೆಂಟಮಿನೋ ಎಂಬ ಒಗಟು ಅವರಿಗೆ ಪ್ರಿಯವಾಗಿತ್ತು. ಐದನ್ನು ನಾಲ್ಕಕ್ಕೆ ಇಳಿಸಿದಾಗ ಆಕೃತಿಗಳು ಏಳಾದುವು. ನಾಲ್ಕು ಎಂಬರ್ಥದ ಗ್ರೀಕ್ ಶಬ್ದವನ್ನು ಟೆನಿಸ್ ಎಂಬ ಆಟದ ಹೆಸರಿನೊಡನೆ ಬೆಸೆದು ಟೆಟ್ರಿಸ್ ಎಂಬ ಹೆಸರಾಯಿತು. ಅವರ ಬಳಿಯಿದ್ದ ಯಂತ್ರದ ಹೆಸರು ಎಲೆಕ್ಟ್ರಾನಿಕಾ 60. ಅದಕ್ಕೆ ಚಿತ್ರ ಬರೆಯುವ ಶಕ್ತಿಯೇ ಇರಲಿಲ್ಲ, ಅಕ್ಷರಗಳನ್ನಷ್ಟೆ ತೋರಬಲ್ಲುದಾಗಿತ್ತು. ಆದಕಾರಣ ಪಜಿತ್ನೊವ್ ಅವರು ಎರಡು ಆವರಣಚಿಹ್ನೆಗಳನ್ನು ಎದುರುಬದುರು ಇರಿಸಿ ಒಂದು ಚೌಕವೆಂದು ತೋರಿಸಿದರು. ಬಣ್ಣವಿಲ್ಲ, ಸಂಗೀತವಿಲ್ಲ. ಆಗ ಹದಿನಾರು ವರ್ಷದ ವಿದ್ಯಾರ್ಥಿಯಾಗಿದ್ದ ವಾದಿಮ್ ಗೆರಾಸಿಮೊವ್ ಎಂಬುವನು ಇದನ್ನು ಐಬಿಎಂ ಕಂಪ್ಯೂಟರಿಗೆ ಅಳವಡಿಸಿದಾಗ ಬಣ್ಣ ಬಂದಿತು. ಸಂಗೀತ ಆಗಲೂ ಬರಲಿಲ್ಲ.

ಈ ಬರಿಯತನವು ಬಡತನದಿಂದ ಬಂದುದಾದರೂ, ಕೃತಿಯ ದೃಷ್ಟಿಯಿಂದ ಅದೊಂದು ಗುಣವಾಯಿತು. ಇಲ್ಲಿ ಆಡುವವನಿಗೆ ಎದುರಾಳಿಯಿಲ್ಲ, ಕಥೆಯಿಲ್ಲ, ಗೆಲುವೂ ಇಲ್ಲ. ಕಾಲವೊಂದೇ ಎದುರಿಗಿರುವುದು; ಅದೂ ತುಂಡುಗಳ ಬೀಳುವಿಕೆಯ ರೂಪದಲ್ಲಿ. ವೇಗ ಏರುತ್ತ ಹೋಗುತ್ತದೆ, ಇಳಿಯುವುದಿಲ್ಲ. ಸರಿಯಾಗಿ ಮಾಡಿದ ಕೆಲಸ ಕಣ್ಣಿನಿಂದ ಮರೆಯಾಗುತ್ತದೆ. ಕಣ್ಣಮುಂದೆ ಉಳಿಯುವುದು ತಪ್ಪುಗಳ ರಾಶಿ. ಇದು ಆಡಿದವರೆಲ್ಲ ಬಲ್ಲ ಸಂಗತಿ. ಕಡತಗಳ ನಡುವೆ ಬಾಳುವ ನಮ್ಮಂಥವರಿಗೆ ಅದು ತುಸು ಹೆಚ್ಚಾಗಿಯೇ ತಟ್ಟುತ್ತದೆ. ಒಂದು ತಾಲ್ಲೂಕಿನ ಆಡಳಿತ ಸುಗಮವಾಗಿ ನಡೆದ ವರ್ಷಗಳ ಕಾಗದವೇ ಸಿಗುವುದಿಲ್ಲ. ತಂಟೆತಕರಾರುಗಳ ಕಾಗದ ಮಾತ್ರ ಕಟ್ಟುಗಟ್ಟಲೆ ಉಳಿದಿರುತ್ತದೆ.

ಸೋಲು ಅನಿವಾರ್ಯವೆಂಬುದು ಗಣಿತದಿಂದಲೂ ಸಿದ್ಧವಾದುದು. ಮೆಟ್ಟಿಲಿನಂತೆ ಎಡಕ್ಕೊಂದು ಬಲಕ್ಕೊಂದು ಬಾಗಿದ ಎರಡು ತುಂಡುಗಳುಂಟಷ್ಟೆ. ಅವೆರಡೇ ಒಂದಾದ ಮೇಲೊಂದರಂತೆ ಬರುತ್ತಹೋದರೆ ಎಂಥ ಚತುರನೂ ಕೊನೆಗೆ ಸೋಲಲೇಬೇಕೆಂದು ಹೈಡಿ ಬರ್ಗೀಲ್ ಎಂಬ ಗಣಿತಜ್ಞೆ 1997ರಲ್ಲಿ ತೋರಿಸಿಕೊಟ್ಟರು. ತುಂಡುಗಳು ಯಾವ ಕಟ್ಟೂ ಇಲ್ಲದೆ ಬರುವ ಆಟದಲ್ಲಿ ಅಂಥ ದುರ್ಯೋಗ ಎಂದಾದರೊಂದು ದಿನ ಒದಗಿಯೇ ತೀರುತ್ತದೆ. ಈಚಿನ ಟೆಟ್ರಿಸ್‌ಗಳಲ್ಲಿ, ನಾವು ವಿಮರ್ಶಿಸುತ್ತಿರುವ ಕೃತಿಯಲ್ಲಿಯೂ, ಏಳು ತುಂಡುಗಳನ್ನು ಒಂದು ಚೀಲದಲ್ಲಿ ಕಲಸಿ ಏಳನ್ನೂ ಹಂಚಿ ಮುಗಿಸಿದ ಮೇಲೆಯೇ ಮತ್ತೆ ಕಲಸುವ ಪದ್ಧತಿಯಿದೆ. ಈ ಆವರ್ತಕ್ರಮದಲ್ಲಿ ಆ ದುರ್ಯೋಗಕ್ಕೆ ಎಡೆಯಿಲ್ಲ. ವಿಧಿಯ ಕಾಠಿನ್ಯವನ್ನು ಮಿಝುಗುಚಿಯವರೇ ಮೊದಲು ಸಡಿಲಿಸಿದರೆಂದು ಯಾರೂ ಭಾವಿಸಬಾರದೆಂಬ ಕಾರಣಕ್ಕಾಗಿ ಇದನ್ನು ಹೇಳಿದ್ದೇವೆ.

ಇನ್ನು ಉಡುಪಿನ ಮಾತು. 1980ರ ದಶಕದ ಕೊನೆಯಲ್ಲಿ ಆಟವು ಸೋವಿಯತ್ ಗಡಿಯನ್ನು ದಾಟಿದಾಗ, ಅದನ್ನು ಕೊಂಡವರಿಗೆ ಅದರ ಬರಿಯತನ ಸಾಲದೆನಿಸಿತು. ಅಮೆರಿಕದ ಸ್ಪೆಕ್ಟ್ರಮ್ ಹೋಲೋಬೈಟ್ ಸಂಸ್ಥೆಯು ತನ್ನ ಪೆಟ್ಟಿಗೆಯನ್ನು ಕೆಂಪಾಗಿಸಿ ಅದರ ಮೇಲೆ ಮಾಸ್ಕೋವಿನ ಸಂತ ಬೆಸಿಲರ ಚರ್ಚಿನ ಗುಮ್ಮಟಗಳನ್ನು ಬರೆಯಿಸಿತು. 1989ರಲ್ಲಿ ನಿಂಟೆಂಡೋ ಸಂಸ್ಥೆಯ ಗೇಮ್‌ಬಾಯ್ ಎಂಬ ಕೈಯಂತ್ರದೊಡನೆ ಆಟ ಲೋಕವ್ಯಾಪ್ತಿಯಾದಾಗ, ಹಿರೊಕಾಜು ತನಾಕ ಅವರು ಅದಕ್ಕೆ ‘ಕೊರೊಬೆಯ್ನಿಕಿ’ ಎಂಬ ರಷ್ಯನ್ ಗೀತೆಯ ಧಾಟಿಯನ್ನು ಹೊಂದಿಸಿದರು. ಇಂದು ಆ ಧಾಟಿಯನ್ನು ಕೇಳಿದವರು ರಷ್ಯವನ್ನಲ್ಲ, ಟೆಟ್ರಿಸ್ಸನ್ನು ನೆನೆಯುತ್ತಾರೆ. ಗೀತೆಯ ಮೂಲ 1861ರಲ್ಲಿ ನಿಕೊಲಾಯ್ ನೆಕ್ರಾಸೊವ್ ಪ್ರಕಟಿಸಿದ ಕವನ. ಕೊರೊಬೆಯ್ನಿಕಿ ಎಂದರೆ ನಮ್ಮ ಬಳೆಗಾರರಂತೆ ಊರೂರು ತಿರುಗಿ ಸರಕು ಮಾರುವವರು. ಪಜಿತ್ನೊವ್ ಅವರು ಹಕ್ಕುಗಳನ್ನು ಹತ್ತು ವರ್ಷಗಳ ಕಾಲ ತಮ್ಮ ಸಂಸ್ಥೆಗೆ ಒಪ್ಪಿಸಿದ್ದರು. ವಿದೇಶಗಳೊಡನೆ ಮಾರಾಟದ ಮಾತುಕತೆ ನಡೆಸಿದುದು ಎಲೋರ್ಗ್ ಎಂಬ ಸರ್ಕಾರಿ ಸಂಸ್ಥೆ. ಹಕ್ಕು ರಚಿಸಿದವರ ಕೈಗೆ ಮರಳಿದುದು 1996ರಲ್ಲಿ. ವ್ಯಾಪಾರಿಗಳ ಹಾಡಿನೊಡನೆ ಕೋಟಿಗಟ್ಟಲೆ ಮಾರಾಟವಾದ ಸರಕಿನಿಂದ ಅದನ್ನು ಮಾಡಿದವನಿಗೇ ಅಷ್ಟುಕಾಲ ಪಾಲು ಬರಲಿಲ್ಲ. ಹಾಡನ್ನು ಆರಿಸಿದವರು ಈ ವ್ಯಂಗ್ಯವನ್ನು ಉದ್ದೇಶಿಸಿರಲಾರರು.

ಆದರೆ ಆ ಕಾಲದ ಸಂಗೀತವೆಲ್ಲ ಹೊರಗಿನ ಅಲಂಕಾರವೆಂದು ತಳ್ಳಿಹಾಕುವುದೂ ಸರಿಯಲ್ಲ. ನಿಂಟೆಂಡೋ ಸಂಸ್ಥೆಯೇ ಮನೆಯ ಟೆಲಿವಿಷನ್ನಿಗೆ ಕೂಡಿಸುವ ಯಂತ್ರಕ್ಕೆಂದು 1989ರಲ್ಲಿ ಹೊರತಂದ ಟೆಟ್ರಿಸ್‌ನಲ್ಲಿ, ರಾಶಿಯು ಮೇಲಂಚಿನ ಸಮೀಪಕ್ಕೆ ಬಂದೊಡನೆ ಸಂಗೀತದ ಕಾಲಪ್ರಮಾಣ ಚುರುಕಾಗುತ್ತದೆ. ರಾಶಿ ತಗ್ಗಿದರೆ ಅದೂ ತಗ್ಗುತ್ತದೆ. ಇದು ಸಣ್ಣ ಸಂಗತಿಯಂತೆ ತೋರಬಹುದು. ನಮ್ಮ ಮತದಲ್ಲಿ ಇದು ದೊಡ್ಡದು. ಆಡುವವನ ಸ್ಥಿತಿಯನ್ನು ಸಂಗೀತವು ಇಲ್ಲಿ ಕೇಳಿಸಿಕೊಳ್ಳುತ್ತಿದೆ. ಪಕ್ಕವಾದ್ಯದವನು ಹಾಡುಗಾರನ ಮುಖ ನೋಡಿ ನುಡಿಸುವಂತೆ ಅದು ಆಟವನ್ನು ನೋಡಿ ನಡೆಯುತ್ತಿದೆ. ಆದರೆ ಪಕ್ಕವಾದ್ಯವು ಹಾಡುಗಾರನ ಗತಿಯನ್ನು ಬದಲಿಸುವುದಿಲ್ಲ. ಅಲ್ಲಿ ಇನ್ನೂ ಆಟವೇ ಮುಂದು, ಸಂಗೀತ ಹಿಂದು.

ಈ ಸಂಬಂಧವನ್ನು ತಿರುಗುಮುರುಗಾಗಿಸುವ ಯೋಚನೆ ಮಿಝುಗುಚಿಯವರಲ್ಲಿ ಬಹುಕಾಲದಿಂದ ಇದ್ದಿತೆಂಬುದಕ್ಕೆ ಅವರ ಹಿಂದಿನ ಕೃತಿಗಳೇ ಸಾಕ್ಷಿ. 2001ರ ‘ರೆಝ್’ ಆಟದಲ್ಲಿ ಆಡುವವನು ಗುರಿಗಳಿಗೆ ಹೊಡೆಯುವ ಪ್ರತಿಯೊಂದು ಪೆಟ್ಟೂ ತಾಳದ ಮಾತ್ರೆಗೆ ಸರಿಯಾಗಿ ಬಂದು ಕೂರುತ್ತದೆ. ಬಣ್ಣವೂ ನಾದವೂ ಒಂದೇ ಅನುಭವದ ಎರಡು ಮುಖಗಳೆಂದು ನಂಬಿದ್ದ ಚಿತ್ರಕಾರ ವಸ್ಸಿಲಿ ಕಾಂಡಿನ್‌ಸ್ಕಿಗೆ ಆ ಕೃತಿಯನ್ನು ಅರ್ಪಿಸಲಾಗಿದೆ. ಕಾಂಡಿನ್‌ಸ್ಕಿ 1866ರಲ್ಲಿ ಹುಟ್ಟಿದುದು ಮಾಸ್ಕೋವಿನಲ್ಲಿಯೇ. ಈ ಜಪಾನೀ ನಿರ್ಮಾಪಕರು ಹೀಗೆ ಎರಡು ಬಾರಿ ಮಾಸ್ಕೋವಿಗೆ ಋಣಿಗಳಾದರೆಂದು ಹೇಳಬಹುದು.

ನಮ್ಮ ವಿಚಾರಕ್ಕೆ ಇನ್ನೂ ಹತ್ತಿರವಾದುದು 2004ರಲ್ಲಿ ಬಂದ ‘ಲ್ಯೂಮಿನೆಸ್’. ಅದರಲ್ಲಿ ಇಳಿಯುವುವು ಎರಡು ಬಣ್ಣಗಳ ನಾಲ್ಕು ಚೌಕದ ಇಟ್ಟಿಗೆಗಳು. ಒಂದೇ ಬಣ್ಣದ ನಾಲ್ಕು ಚೌಕಗಳು ಚಚ್ಚೌಕವಾಗಿ ಕೂಡಿದರೆ ಅಳಿಯಲು ಅರ್ಹವಾಗುತ್ತವೆ. ಆದರೆ ಕೂಡಿದೊಡನೆ ಅಳಿಯುವುದಿಲ್ಲ. ಅಂಕಣದ ಎಡದಿಂದ ಬಲಕ್ಕೆ ಒಂದು ಗೆರೆಯು ಸಂಗೀತದ ಕಾಲಕ್ಕೆ ಸರಿಯಾಗಿ ಹಾಯುತ್ತಿರುತ್ತದೆ. ಅದು ಮುಟ್ಟಿದಾಗಲೇ ಅಳಿವು. ಹಾಡು ನಿಧಾನವಾಗಿದ್ದರೆ ಗೆರೆಯೂ ನಿಧಾನ. ಅಷ್ಟರಲ್ಲಿ ರಾಶಿ ಬೆಳೆದು ಕುತ್ತಿಗೆಗೆ ಬಂದಿರುತ್ತದೆ. ಹಾಡು ವೇಗವಾಗಿದ್ದರೆ ದೊಡ್ಡ ಕೂಟವನ್ನು ಕಟ್ಟಲು ಪುರಸೊತ್ತಿಲ್ಲ. ಇಲ್ಲಿ ಸಂಗೀತವು ಪಕ್ಕವಾದ್ಯವಾಗಿ ಉಳಿಯದೆ ನ್ಯಾಯಾಧೀಶನಾಗಿದೆ. ತೀರ್ಪು ಯಾವಾಗ ಹೊರಬೀಳಬೇಕೆಂಬುದು ಅದರ ಕೈಯಲ್ಲಿದೆ. ಸಂಗೀತವು ಅಂಗಿಯಾಗುವುದು ಹೇಗೆಂಬುದಕ್ಕೆ ಇದಕ್ಕಿಂತ ಶುದ್ಧವಾದ ನಿದರ್ಶನ ನಮಗೆ ತಿಳಿದಂತೆ ಈ ಪ್ರಕಾರದ ಆಟಗಳಲ್ಲಿ ಇಲ್ಲ. ‘ಟೆಟ್ರಿಸ್ ಎಫೆಕ್ಟ್’ನ್ನು ಅಳೆಯುವಾಗ ಈ ಅಳತೆಗೋಲನ್ನು ಕೈಯಲ್ಲಿ ಹಿಡಿದಿರಬೇಕು.

ಈಗ ಕೃತಿಗೆ ಬರೋಣ. ಅದರ ಮುಖ್ಯ ಭಾಗಕ್ಕೆ ‘ಜರ್ನಿ’ ಎಂದು ಹೆಸರು. ಅದು ಇಪ್ಪತ್ತಕ್ಕೂ ಹೆಚ್ಚು ಘಟ್ಟಗಳ ಒಂದು ಪಯಣ. ಮೊದಲನೆಯ ಘಟ್ಟದ ಹೆಸರು ‘ದಿ ಡೀಪ್’. ಕತ್ತಲ ಸಮುದ್ರದ ಆಳ. ಬೆಳಕಿನ ಕಣಗಳಿಂದಾದ ಜಲಚರಗಳು. ತುಂಡುಗಳು ನಿಧಾನವಾಗಿ ಇಳಿಯುತ್ತಿರುತ್ತವೆ. ಆರಂಭದಲ್ಲಿ ಸಂಗೀತವೆಂಬುದು ಹೆಚ್ಚೇನೂ ಇಲ್ಲ. ಆಡುವವನು ಒತ್ತುವ ಗುಂಡಿಗಳಿಂದ ಹೊಮ್ಮುವ ನಾದಗಳೇ ಮೊದಲು ಕೇಳುವುವು. ಕೆಲವು ಸಾಲುಗಳು ಅಳಿದ ಮೇಲೆ ಸ್ತ್ರೀಕಂಠವೊಂದು ಸೇರಿಕೊಳ್ಳುತ್ತದೆ. ಮತ್ತೆ ಕೆಲವು ಅಳಿದ ಮೇಲೆ ತಾಳ. ಕಡೆಗೆ ಎಲ್ಲವೂ ತುಂಬಿಬರುತ್ತದೆ. ಹಾಡು ಮೊದಲೇ ರಚಿತವಾದುದೆಂದು ತಿಳಿದಿದ್ದರೂ ಅದನ್ನು ತಾನೇ ಎಬ್ಬಿಸಿದೆನೆಂಬ ಭಾವ ಆಡುವವನಲ್ಲಿ ಮೂಡದಿರುವುದಿಲ್ಲ. ನಮ್ಮಲ್ಲಿಯೂ ಮೂಡಿತು. ಅದನ್ನು ಭ್ರಮೆಯೆಂದು ಕರೆದು ಕೈತೊಳೆದುಕೊಳ್ಳಲು ನಾವು ಸಿದ್ಧರಿಲ್ಲ. ಏಕೆಂದರೆ ಆಡುವವನು ತಡಮಾಡಿದರೆ ಹಾಡೂ ನಿಂತ ಹಂತದಲ್ಲಿಯೇ ಕಾಯುತ್ತದೆ.

ಇದಕ್ಕಿಂತ ಮುಖ್ಯವಾದುದು ವೇಗದ ವಿಚಾರ. ಹಳೆಯ ಟೆಟ್ರಿಸ್ಸಿನಲ್ಲಿ ವೇಗವು ಏರುವುದಷ್ಟೇ ಎಂದೆವು. ‘ಜರ್ನಿ’ಯಲ್ಲಿ ಅದು ಒಂದೇ ಘಟ್ಟದೊಳಗೆ ಏರಿ ಇಳಿಯುತ್ತದೆ, ಮತ್ತು ಆ ಏರಿಳಿತ ಹಾಡಿನ ಪಲ್ಲಟಗಳೊಡನೆ ಹೊಂದಿಕೊಂಡಿದೆ. ‘ಡೌನ್‌ಟೌನ್ ಜ್ಯಾಝ್’ ಎಂಬ, ರಾತ್ರಿಯ ನಗರದ ಘಟ್ಟವನ್ನೂ, ಕಡೆಯದಾದ ‘ಮೆಟಮಾರ್ಫಸಿಸ್’ ಘಟ್ಟವನ್ನೂ ಆಡಿದವರಿಗೆ ಇದು ಚೆನ್ನಾಗಿ ಗೊತ್ತು. ಈ ಹೊಂದಿಕೆ ಎಷ್ಟರಮಟ್ಟಿಗೆ ನಿಜವೆಂದು ಪರೀಕ್ಷಿಸಲು ನಾವೊಂದು ಸರಳವಾದ ಉಪಾಯ ಮಾಡಿದೆವು. ಕೆಲವು ಘಟ್ಟಗಳನ್ನು ಟೆಲಿವಿಷನ್ನಿನ ಧ್ವನಿಯನ್ನು ಪೂರ್ತಿ ಅಡಗಿಸಿ ಮತ್ತೆ ಆಡಿದೆವು. ವೇಗವು ನಡುವೆ ಜಿಗಿಯುವ ಘಟ್ಟಗಳಲ್ಲಿ ಆ ಜಿಗಿತವು ನಿಷ್ಕಾರಣವಾದ ಚೇಷ್ಟೆಯಂತೆ ಕಂಡಿತು. ಕೈ ತಬ್ಬಿಬ್ಬಾಗಿ ತುಂಡುಗಳು ಎಲ್ಲೆಲ್ಲೋ ಕೂತುವು. ಧ್ವನಿಯೊಡನೆ ಆಡುವಾಗ ಅದೇ ಜಿಗಿತವನ್ನು ಕಿವಿ ಮುಂಚಿತವಾಗಿ ಗ್ರಹಿಸಿರುತ್ತದೆ. ಹಾಡು ಉಸಿರು ಹಿಡಿದಾಗ ನಾವೂ ಹಿಡಿದಿರುತ್ತೇವೆ. ವೇಗವು ಹೆಚ್ಚುಕಡಮೆ ಸಮವಾಗಿರುವ ಘಟ್ಟಗಳಲ್ಲಿಯಾದರೋ ಧ್ವನಿ ಅಡಗಿಸಿದುದರಿಂದ ಆಟಕ್ಕೆ ಏನೂ ಆಗಲಿಲ್ಲ. ಒಂದು ಸೊಗಸು ಕಡಮೆಯಾಯಿತು, ಅಷ್ಟೆ.

ಇಲ್ಲಿ ನಮ್ಮ ಪ್ರಶ್ನೆಗೆ ಅರ್ಧ ಉತ್ತರ ದೊರೆಯಿತೆನ್ನಬೇಕು. ಕಾಲವನ್ನು ಆಳುವಲ್ಲಿ ಈ ಸಂಗೀತ ಅಂಗಿ. ದೃಶ್ಯವನ್ನು ಹೊದಿಸುವಲ್ಲಿ ಬರಿಯ ಉಡುಪು. ‘ಲ್ಯೂಮಿನೆಸ್’ನಲ್ಲಿದ್ದ ನ್ಯಾಯಾಧೀಶನ ಅಧಿಕಾರ ಇಲ್ಲಿನ ಸಂಗೀತಕ್ಕೆ ಎಲ್ಲಿಯೂ ಇಲ್ಲ, ಸಾಲು ಯಾವಾಗ ಅಳಿಯಬೇಕೆಂಬುದನ್ನು ಅದು ನಿರ್ಣಯಿಸಲಾರದು. ಅದು ಹವೆಯಂತೆ. ಮಳೆಗಾಳಿಯಲ್ಲಿ ಉಳುವವನು ಉಳುವ ರೀತಿಯನ್ನು ಬದಲಿಸಿಕೊಳ್ಳುತ್ತಾನೆ, ಹೊಲವೇನೂ ಬದಲಾಗುವುದಿಲ್ಲ. ಟೆಟ್ರಿಸ್ಸಿನ ಮೂಲನಿಯಮಗಳನ್ನು ಮುಟ್ಟಬಾರದೆಂಬ ಸಂಕೋಚವೇ ಇದಕ್ಕೆ ಕಾರಣವಾಗಿರಬೇಕು. ಪ್ರಸಿದ್ಧವಾದ ಕೀರ್ತನೆಯನ್ನು ಹಾಡುವವನು ಸಾಹಿತ್ಯವನ್ನು ತಿದ್ದಲಾರನಷ್ಟೆ.

ಒಂದೆಡೆಯಲ್ಲಿ ಮಾತ್ರ ಈ ಸಂಕೋಚವನ್ನು ಮೀರಿದ್ದಾರೆ. ಕೃತಿಯ ಶ್ರೇಷ್ಠಾಂಶವೂ ಅಲ್ಲಿಯೇ ಇದೆ. ‘ಝೋನ್’ ಎಂದು ಅದಕ್ಕೆ ಹೆಸರು. ಸಾಲುಗಳನ್ನು ಅಳಿಸುತ್ತ ಹೋದಂತೆ ಒಂದು ಮಾಪಕ ತುಂಬುತ್ತದೆ. ಅದು ತುಂಬಿದಾಗ ಆಡುವವನು ಗುಂಡಿಯೊತ್ತಿ ಕಾಲವನ್ನು ಸ್ವಲ್ಪ ಹೊತ್ತು ನಿಲ್ಲಿಸಬಹುದು. ತುಂಡುಗಳು ತಾವಾಗಿ ಬೀಳುವುದಿಲ್ಲ. ಸಂಗೀತ ತಗ್ಗಿ, ನೀರಿನೊಳಗಿನಿಂದ ಕೇಳಿದಂತಾಗುತ್ತದೆ. ಈ ಹೊತ್ತಿನಲ್ಲಿ ತುಂಬಿದ ಸಾಲುಗಳು ಮಾಯವಾಗುವುದಿಲ್ಲ. ಅವು ಅಂಕಣದ ತಳಕ್ಕೆ ಇಳಿದು ಒಂದರೊಡನೊಂದು ಕೂಡಿಕೊಂಡು ಕಣ್ಣಮುಂದೆಯೇ ಇರುತ್ತವೆ. ಅವಧಿ ತೀರಿದಾಗ ಎಲ್ಲವೂ ಒಮ್ಮೆಗೇ ಅಳಿಯುತ್ತವೆ. ಹಳೆಯ ಆಟದಲ್ಲಿ ಒಂದೇ ಏಟಿಗೆ ನಾಲ್ಕು ಸಾಲುಗಳಿಗಿಂತ ಹೆಚ್ಚು ಅಳಿಸುವುದು ಅಸಾಧ್ಯವಾಗಿತ್ತು. ಇಲ್ಲಿ ಎಂಟು, ಹನ್ನೆರಡು, ಹದಿನಾರನ್ನೂ ಮುಟ್ಟಬಹುದು.

ವಿಮರ್ಶಕರಲ್ಲಿ ಹಲವರು ಇದನ್ನು ಅಂಕಗಳನ್ನು ಹೆಚ್ಚಿಸಿಕೊಳ್ಳುವ ಸಾಧನವೆಂದೂ, ಸಂಕಟಕಾಲದ ಊರುಗೋಲೆಂದೂ ಬಣ್ಣಿಸುತ್ತಾರೆ. ಎರಡೂ ನಿಜವೇ. ಆದರೆ ನಮಗೆ ಅದರಲ್ಲಿ ಕಂಡುದು ಬೇರೆ. 1984ರಿಂದ ಈಚೆಗೆ ಟೆಟ್ರಿಸ್ ಆಡುವವನ ಸರಿಗೆಲಸವು ಮಾಡಿದ ಮರುಗಳಿಗೆಯೇ ಕಾಣದಾಗುತ್ತಿತ್ತು. ‘ಝೋನ್’ನಲ್ಲಿ ಮಾತ್ರ ಅದು ಅಳಿಯುವ ಮುನ್ನ ಕೆಲವು ಕ್ಷಣ ನಿಲ್ಲುತ್ತದೆ, ಒಟ್ಟುಗೂಡುತ್ತದೆ, ನೋಡಲು ಸಿಗುತ್ತದೆ. ತಪ್ಪುಗಳ ಪಕ್ಕದಲ್ಲಿ ಒಪ್ಪುಗಳಿಗೂ ಒಂದು ದಾಖಲೆ ಉಂಟಾಗುತ್ತದೆ. ಆ ಕ್ಷಣದಲ್ಲಿ ಸಂಗೀತವನ್ನು ಹೆಚ್ಚಿಸದೆ ತಗ್ಗಿಸಿರುವುದು ಔಚಿತ್ಯವರಿತವರ ಕೆಲಸ. ಇಡೀ ಕೃತಿಯಲ್ಲಿ ಸಂಗೀತವು ಅತ್ಯಂತ ಅರ್ಥಪೂರ್ಣವಾಗಿರುವುದು ಅದು ಹಿಂದೆ ಸರಿಯುವ ಈ ಹೊತ್ತಿನಲ್ಲಿ ಎಂದು ನಾವು ಹೇಳಿದರೆ ಅದನ್ನು ಚಮತ್ಕಾರದ ಮಾತೆಂದು ಭಾವಿಸಬಾರದು.

ಇಷ್ಟು ಮೆಚ್ಚಿಕೊಂಡ ಮೇಲೆ ನಮ್ಮ ಆಕ್ಷೇಪವನ್ನೂ ಮರೆಮಾಚದೆ ಹೇಳಬೇಕು. ‘ಜರ್ನಿ’ಯ ಘಟ್ಟಗಳು ನಮ್ಮನ್ನು ಸಮುದ್ರದಿಂದ ಮರುಭೂಮಿಗೆ, ಹಿಮಶಿಖರಕ್ಕೆ, ಫೇರೋಗಳ ನಾಡಿಗೆ, ಬಾಹ್ಯಾಕಾಶಕ್ಕೆ ಕರೆದೊಯ್ಯುತ್ತವೆ. ‘ಪ್ರೇಯರ್ ಸರ್ಕಲ್ಸ್’ ಎಂದೊಂದು, ‘ರಿಚುಯಲ್ ಪ್ಯಾಷನ್’ ಎಂದೊಂದು, ‘ಕರ್ಮ ವ್ಹೀಲ್’ ಎಂದೊಂದು ಹೆಸರುಗಳೂ ಇವೆ. ಮನುಷ್ಯರೆಲ್ಲ ಒಂದೇ, ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿದೆ ಎಂಬುದು ಒಟ್ಟಿನ ಭಾವ. ಭಾವವೇನೋ ಉದಾತ್ತವಾದುದೇ. ಆದರೆ ಯಾರ ಪ್ರಾರ್ಥನೆ? ಯಾವ ಊರಿನ ಆಚರಣೆ? ಕರ್ಮವೆಂಬ ಶಬ್ದದ ಹಿಂದೆ ಎಷ್ಟು ಶತಮಾನಗಳ ವಾದವಿವಾದಗಳಿವೆ! ಇಲ್ಲಿ ಅದು ಗಾಲಿಯೊಂದಕ್ಕೆ ಇಟ್ಟ ಹೆಸರು. ಸಮೂಹಗಾನ ಎದ್ದು ಬೆಳಕು ಚೆಲ್ಲಿದಾಗ ಮೈ ಜುಮ್ಮೆನ್ನುವುದು ದಿಟ. ಆ ರೋಮಾಂಚಕ್ಕೆ ಕಾರಣರಾದವರು ಯಾರೆಂದು ಕೃತಿ ಹೇಳುವುದಿಲ್ಲ, ಆಡುವವನಿಗೂ ಕೇಳಬೇಕೆನಿಸುವುದಿಲ್ಲ. 1980ರ ದಶಕದ ವ್ಯಾಪಾರಿಗಳು ಟೆಟ್ರಿಸ್ಸಿಗೆ ರಷ್ಯದ ಉಡುಪನ್ನು ತೊಡಿಸಿದರು. 2018ರವರು ವಿಶ್ವದ ಉಡುಪನ್ನು ತೊಡಿಸಿದ್ದಾರೆ. ಮೊದಲನೆಯದು ಅಗ್ಗವಾಗಿತ್ತು, ಎರಡನೆಯದು ಬಹು ಬೆಲೆಬಾಳುವುದು. ಆದರೂ ಅಗ್ಗದ ಉಡುಪಿನ ಮೇಲೆ ಒಂದು ದೇಶದ ಗುರುತಾದರೂ ಇದ್ದಿತು. ಒಂದು ಹಾಡಿತ್ತು, ಅದಕ್ಕೆ ಹೆಸರಿತ್ತು, ಬೇಕೆಂದವನು ಅದರ ಜಾಡು ಹಿಡಿದು ನೆಕ್ರಾಸೊವನ ತನಕ ಹೋಗಬಹುದಾಗಿತ್ತು. ಈ ಹೊಸ ಪ್ರಾರ್ಥನಾವಲಯದಿಂದ ಹಿಂದಕ್ಕೆ ಯಾವ ದಾರಿಯೂ ಇಲ್ಲ.

ಇನ್ನು ಕೃತಿಯ ಹೆಸರಿನ ವಿಚಾರ. ಈ ಆಟವನ್ನು ಬಹಳ ಹೊತ್ತು ಆಡಿದವರಿಗೆ ಕಣ್ಣುಮುಚ್ಚಿದರೂ ತುಂಡುಗಳು ಬೀಳುತ್ತಿರುವಂತೆ ಕಾಣುವುದುಂಟು. ಹೊರಗಿನ ವಸ್ತುಗಳನ್ನೂ ಮನಸ್ಸು ಹೊಂದಿಸಿ ನೋಡತೊಡಗುತ್ತದೆ. ಮಾರ್ಚ್ ತಿಂಗಳ ಉತ್ತರಪತ್ರಿಕೆಗಳ ಕಟ್ಟುಗಳನ್ನು ಕಪಾಟಿನಲ್ಲಿ ಕಂಡಾಗ, ಯಾವ ಸಂದಿಗೆ ಯಾವುದನ್ನು ಅಡ್ಡಲಾಗಿ ಇಟ್ಟರೆ ಸಾಲು ತುಂಬೀತೆಂದು ನಾವೇ ನಿಂತು ಲೆಕ್ಕ ಹಾಕಿದ್ದೇವೆ. ಜೆಫ್ರಿ ಗೋಲ್ಡ್‌ಸ್ಮಿತ್ ಎಂಬ ಲೇಖಕರು 1994ರಲ್ಲಿ ‘ವೈರ್ಡ್’ ಪತ್ರಿಕೆಯಲ್ಲಿ ಈ ಅವಸ್ಥೆಯನ್ನು ‘ಟೆಟ್ರಿಸ್ ಎಫೆಕ್ಟ್’ ಎಂಬ ಹೆಸರಿನಿಂದ ಕರೆದರು. 2000ದಲ್ಲಿ ಹಾರ್ವರ್ಡ್‌ನ ರಾಬರ್ಟ್ ಸ್ಟಿಕ್‌ಗೋಲ್ಡ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪರೀಕ್ಷೆ ಇದನ್ನು ಇನ್ನೂ ಆಳವಾಗಿ ಕೆದಕಿತು. ಟೆಟ್ರಿಸ್ ಆಡಿದ 27 ಜನರನ್ನು ಅವರು ನಿದ್ದೆಗೆ ಜಾರುವ ಹೊತ್ತಿನಲ್ಲಿ ಎಚ್ಚರಗೊಳಿಸಿ ಏನು ಕಂಡಿರೆಂದು ಕೇಳಿದರು. ಆ 27ರಲ್ಲಿ 5 ಮಂದಿ ಮಿದುಳಿನ ಆಘಾತದಿಂದ ಹೊಸ ನೆನಪುಗಳನ್ನು ಉಳಿಸಿಕೊಳ್ಳಲಾರದವರು. ಹಿಂದಿನ ದಿನ ಆಟವಾಡಿದುದೇ ಅವರಿಗೆ ನೆನಪಿರುತ್ತಿರಲಿಲ್ಲ. ಆದರೂ ಅವರಲ್ಲಿ 3 ಮಂದಿ ಬೀಳುವ, ತಿರುಗುವ ಆಕೃತಿಗಳನ್ನು ಕಂಡೆವೆಂದು ಹೇಳಿದರು.

ಸಾಕ್ಷಿಯಿಲ್ಲದೆ ಉಳಿದ ಗುರುತು ಎಂದರೆ ಇದೇ ಅಲ್ಲವೆ! ಘಟನೆ ಮರೆತುಹೋಗಿದೆ, ಅದರ ಅಚ್ಚು ಮಾತ್ರ ದೇಹದಲ್ಲಿ ಎಲ್ಲಿಯೋ ಉಳಿದಿದೆ. ಇಂಥ ಹೆಸರನ್ನು ಇಟ್ಟುಕೊಂಡ ಕೃತಿಯು ಈ ಸಂಗತಿಯನ್ನು ಹೇಗೆ ಬಳಸಿಕೊಂಡಿದೆ? ಹೊರಜಗತ್ತು ಆಟದ ಆಕಾರವನ್ನು ತಳೆಯುವುದು ಆ ಅವಸ್ಥೆಯ ಲಕ್ಷಣ. ಇಲ್ಲಿಯಾದರೋ ಆಟವೇ ಹೊರಜಗತ್ತಿನ ಆಕಾರವನ್ನು ತಳೆದಿದೆ. ತಿರುವು ಜಾಣ್ಮೆಯದು. ಆದರೆ ಹತ್ತಾರು ದೃಶ್ಯಗಳನ್ನು ಕಂಡು ಮಲಗಿದ ರಾತ್ರಿ ನಮಗೆ ಕಣ್ಣುಮುಚ್ಚಿದಾಗ ತಿಮಿಂಗಿಲಗಳೂ ಬರಲಿಲ್ಲ, ಅರೋರದ ಬೆಳಕೂ ಬರಲಿಲ್ಲ. ಬಂದುವು ಅವೇ ಏಳು ತುಂಡುಗಳು, ಬಣ್ಣವೂ ಇಲ್ಲದೆ. ಹಾಡಿನ ಎಳೆಯೊಂದು ಮಾತ್ರ ಅವುಗಳೊಡನೆ ಬಂದಿತ್ತೆಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಉಡುಪನ್ನು ದೇಹ ಮರೆಯಿತು, ಲಯವನ್ನು ಮರೆಯಲಿಲ್ಲ. ಮೇಲೆ ಧ್ವನಿಯನ್ನು ಅಡಗಿಸಿ ಮಾಡಿದ ಪರೀಕ್ಷೆಯ ಫಲಕ್ಕೆ ಇದು ಹೊಂದಿಕೆಯಾಗಿಯೇ ಇದೆ.

2020ರ ‘ಕನೆಕ್ಟೆಡ್’ ರೂಪದ ಬಗೆಗೆ ಎರಡು ಮಾತು ಉಳಿದಿದೆ. ಅದರಲ್ಲಿ ಮೂವರು ಆಟಗಾರರು ಒಂದಾಗಿ ಯಂತ್ರವು ನಡೆಸುವ ಎದುರಾಳಿಯೊಡನೆ ಸೆಣಸುವ ಒಂದು ಬಗೆಯಿದೆ. ಮಾಪಕ ತುಂಬಿದಾಗ ಮೂರು ಅಂಕಣಗಳೂ ಸೇರಿ ಅಗಲವಾದ ಒಂದೇ ಅಂಕಣವಾಗುತ್ತವೆ. ಮೂವರೂ ಸರದಿಯಂತೆ ತಂತಮ್ಮ ತುಂಡುಗಳನ್ನು ಅದರಲ್ಲಿ ಕೂರಿಸಬೇಕು. ನಮ್ಮ ವಿಭಾಗದ ಇಬ್ಬರು ಸಂಶೋಧನ ವಿದ್ಯಾರ್ಥಿಗಳೊಡನೆ ನಾವು ಇದನ್ನು ಒಂದು ಸಂಜೆ ಆಡಿದೆವು. ತನ್ನ ಸರದಿ ಬರುವವರೆಗೆ ಸುಮ್ಮನೆ ಕಾಯುವುದು, ಇನ್ನೊಬ್ಬರು ಇಟ್ಟ ತುಂಡಿನ ಅಂಚಿಗೆ ತನ್ನದನ್ನು ಹೊಂದಿಸುವುದು, ಅವರು ಬಿಟ್ಟ ಸಂದಿಯನ್ನು ಬೈಯದೆ ತುಂಬುವುದು ಇವೆಲ್ಲ ಟೆಟ್ರಿಸ್ಸಿಗೆ ಹೊಸವು. ಎಲ್ಲವೂ ಹೆಣೆದುಕೊಂಡಿದೆ ಎಂಬ ಮಾತು, ‘ಜರ್ನಿ’ಯಲ್ಲಿ ಸಮೂಹಗಾನವು ಎಷ್ಟು ಎತ್ತರದ ದನಿಯಲ್ಲಿ ಸಾರಿದರೂ ನಮಗೆ ಹಿಡಿಸದಿದ್ದುದು, ಇಲ್ಲಿ ಮಾತಿಲ್ಲದೆ ಹಿಡಿಸಿತು.

ಅದೇ ರೂಪದಲ್ಲಿ 1989ರ ಕಾಲದ ನಿಯಮಗಳನ್ನು ಅನುಸರಿಸಿ ಆಡುವ ಭಾಗವೂ ಒಂದುಂಟು. ಅದರಲ್ಲಿ ‘ಝೋನ್’ ಇಲ್ಲ, ತುಂಡನ್ನು ಎತ್ತಿಟ್ಟುಕೊಳ್ಳುವ ಅನುಕೂಲವಿಲ್ಲ. ಆ ಇಬ್ಬರಲ್ಲಿ ಕಿರಿಯನಾದವನು ಈಗ ಅದನ್ನು ಬಿಟ್ಟು ಬೇರೇನನ್ನೂ ಆಡುವುದಿಲ್ಲವೆಂದು ತಿಳಿದುಬಂದಿದೆ. ಅವನ ಪ್ರಬಂಧದ ಮೂರನೆಯ ಅಧ್ಯಾಯ ಇನ್ನೂ ನಮ್ಮ ಕೈಸೇರಿಲ್ಲ.